ಗುಂಪಿನಲ್ಲಿ ಗಾಯ ಕಟ್ಟುವವರು

ಈಚೆಗೆ ಕೆಲವು ಶನಿವಾರ ನಾನು ಕೊಡಲಿ ಹಿಡಿದ ಹೆಂಗಸಾಗಿದ್ದೆ. ಧಾರವಾಡದ ನಮ್ಮ ಮಂದಿಗೆ ಹೇಳಿದರೆ ಮುದುಕಿಗೆ ಆಸ್ಟ್ರೇಲಿಯದಲ್ಲಿ ಏನೋ ಗಾಳಿ ಬಡಿದಿದೆ ಅನ್ನುತ್ತಾರೆ. ಅನ್ನಲಿ. ಗಾಳಿ ಬಡಿದವರಿಗೆ ಯಾರೂ ಕೆಲಸ ಹೇಳುವುದಿಲ್ಲ, ಅದೂ ಒಂದು ಲಾಭವೇ.

ಸಿಡ್ನಿಯ ಕೆಲ್ಲಿವಿಲ್‌ನಲ್ಲಿ ನನ್ನ ಮಗಳು ಸುಜಾತಾಳ ಮನೆ. ಊಟದ ಟೇಬಲ್ ದೊಡ್ಡದು, ಅದಕ್ಕೆ ಕೂತು ಊಟ ಮಾಡುವವರು ಕಡಿಮೆ. ಹಾಗಾಗಿ ಶನಿವಾರ ಮಧ್ಯಾಹ್ನ ಮೊಮ್ಮಗಳು ಮೈತ್ರಿ ತನ್ನ ಗೆಳೆಯರನ್ನು ಕರೆತಂದು ಅಲ್ಲಿ ಆಟ ಹೂಡುತ್ತಾಳೆ. ಅವಳು ವೆಸ್ಟ್‌ಮೀಡ್ ಕಡೆ ನರ್ಸ್. ಬರುವವರೆಲ್ಲ ಆಸ್ಪತ್ರೆಯಲ್ಲಿ ದುಡಿಯುವವರೇ. ಒಬ್ಬಳು ಕಥೆ ಹೇಳುತ್ತಾ ಹೋಗುತ್ತಾಳೆ: ಕಾಡು ಬಂತು, ಗುಹೆ ಬಂತು, ಒಳಗೆ ಏನೋ ಉಸಿರಾಡುತ್ತಿದೆ. ಉಳಿದವರು ಒಬ್ಬೊಬ್ಬರು ಒಂದೊಂದು ವೇಷ. ತಾವು ಏನು ಮಾಡುತ್ತೇವೆ ಎಂದು ಬಾಯಲ್ಲಿ ಹೇಳಿ ದಾಳ ಉರುಳಿಸುತ್ತಾರೆ. ದಾಳ ಒಲಿದರೆ ಏಟು ರಾಕ್ಷಸನಿಗೆ, ಮುನಿದರೆ ನಮಗೆ. ನಮ್ಮ ಚೌಕಾಬಾರಕ್ಕೆ ಬಾಯಿ ಬಂದಂತೆ ಅಂದುಕೊಳ್ಳಿ.

ಆಟಕ್ಕಿಂತ ವೇಷ ಕಟ್ಟುವುದೇ ದೊಡ್ಡ ಕೆಲಸ. ಅದಕ್ಕೆ ಬಿಲ್ಡ್ ಅನ್ನುತ್ತಾರೆ. ಇಷ್ಟು ಶಕ್ತಿ, ಇಷ್ಟು ಬುದ್ಧಿ, ಇಷ್ಟು ಚುರುಕು ಎಂದು ಹಂಚಿಕೊಳ್ಳಬೇಕು. ಒಂದಕ್ಕೆ ಹೆಚ್ಚು ಸುರಿದರೆ ಇನ್ನೊಂದಕ್ಕೆ ಕೊರತೆ. ಗುಂಪಿನಲ್ಲಿ ಮುಂದೆ ನಿಂತು ಪೆಟ್ಟು ತಿನ್ನುವವರು, ಹಿಂದಿನಿಂದ ಹೊಡೆಯುವವರು, ಬೀಗ ತೆಗೆಯುವವರು, ಗಾಯ ಕಟ್ಟುವವರು ಎಲ್ಲ ಬೇಕು. ಅಷ್ಟು ಓದಿದ ಹುಡುಗರು ಎಂಥ ಗುಂಪು ಕಟ್ಟಿದರು ನೋಡಿ: ಒಬ್ಬ ಕತ್ತಿಯವನು, ಒಬ್ಬಳು ಬಿಲ್ಲಿನವಳು, ಒಬ್ಬ ಬೆಂಕಿ ಉಗುಳುವ ಮಾಂತ್ರಿಕ. ಎಲ್ಲರೂ ಹೊಡೆಯುವವರೇ. ಗುಹೆಯ ಬಾಯಲ್ಲೇ ಒಂದು ಜೇಡ ಎಲ್ಲರನ್ನೂ ನೂಲಿನಲ್ಲಿ ಸುತ್ತಿ ತೂಗುಹಾಕಿತು. ಚಹಾ ಆರುವುದರೊಳಗೆ ಸತ್ತರು.

ಆಮೇಲೆ ಜಗಳ. ಹೀಲರ್, ಅಂದರೆ ಗಾಯ ಕಟ್ಟುವವರು, ಒಬ್ಬರು ಬೇಕು ಅನ್ನುವುದರಲ್ಲಿ ಯಾರಿಗೂ ಸಂಶಯವಿಲ್ಲ, ತಾನು ಆಗಲು ಯಾರಿಗೂ ಮನಸ್ಸಿಲ್ಲ. ಮಾಂತ್ರಿಕನ ವೇಷದ ಕಾರ್ತಿಕ್ ಮಕ್ಕಳ ಡಾಕ್ಟರ್. ವಾರವೆಲ್ಲ ಅದನ್ನೇ ಮಾಡಿ ಸಾಕಾಗಿದೆ, ಶನಿವಾರ ಒಂದು ದಿನವಾದರೂ ಯಾರನ್ನಾದರೂ ಸುಡಲು ಬಿಡಿ ಎಂದು ಅವನ ವಾದ. ಕೊನೆಗೆ ಎಲ್ಲರ ಕಣ್ಣು ಬಟಾಣಿ ಸುಲಿಯುತ್ತಾ ಕೂತಿದ್ದ ನನ್ನ ಮೇಲೆ ಬಿತ್ತು.

"ಅಜ್ಜಿ, ನೀ ಹೀಲರ್ ಆಗು. ಯೂ ಆರ್ ಪರ್ಫೆಕ್ಟ್ ಫಾರ್ ಇಟ್," ಅಂದಳು ಮೈತ್ರಿ.

"ಹೊಗಳಬ್ಯಾಡ. ನನಗ ಕೊಡಲಿ ಕೊಡು," ಅಂದೆ.

ಅವರು ನಕ್ಕರು. ನಾನು ನಗಲಿಲ್ಲ.

ಯಾಕೆ ಎಂದು ಹೇಳಬೇಕಾದರೆ ನಮ್ಮ ಅತ್ತೆಯ ಮಾತು ತೆಗೆಯಬೇಕು. ಈ ಬಿಲ್ಡ್ ವಿದ್ಯೆಯಲ್ಲಿ ಅವಳು ಪಳಗಿದವಳು. ಸೊಸೆಯರನ್ನು ಚೆಲುವು ನೋಡಿ ತರಲಿಲ್ಲ, ಗುಂಪು ಕಟ್ಟಿದಳು. ಹಿರಿಯ ಸೊಸೆಗೆ ತೋಳು. ರೊಟ್ಟಿ ಬಡಿಯಲು ಕೂತರೆ ಒಲೆ ಸೋಲಬೇಕು. ಎರಡನೆಯವಳಿಗೆ ಬಾಯಿ, ಪಾಲು ಕೇಳಲು ಬಂದ ದಾಯಾದಿಗಳು ನೀರೂ ಕುಡಿಯದೆ ಎದ್ದು ಹೋಗುತ್ತಿದ್ದರು. ನನ್ನನ್ನು ನೋಡಲು ಬಂದ ದಿನ ಅವರ ಜೊತೆಯ ಕೂಸೊಂದು ಜಮಖಾನೆಯ ಮೇಲೆ ಕಕ್ಕಿತು. ನಾನು ಅವಲಕ್ಕಿ ತಟ್ಟೆ ಕೆಳಗಿಟ್ಟು ಬರಿಗೈಯಿಂದ ಬಳಿದು, ಕೂಸಿನ ಬಾಯಿ ಸೆರಗಿನಿಂದ ಒರೆಸಿದೆ. ಅತ್ತೆ ನನಗೆ ಹಾಡು ಹೇಳು ಅನ್ನಲಿಲ್ಲ, ನಡೆದು ತೋರಿಸು ಅನ್ನಲಿಲ್ಲ.

"ಈ ಹುಡುಗಿಗೆ ಹೇಸಿಗಿ ಇಲ್ಲ. ಇಕೀನ ಆಗಲಿ," ಅಂದಳು.

ನನ್ನ ಬಿಲ್ಡ್ ಅಲ್ಲಿಗೆ ಮುಗಿಯಿತು. ಮಾವನಿಗೆ ಲಕ್ವಾ ಹೊಡೆದಾಗ ನಾನು, ಅತ್ತೆ ಹಾಸಿಗೆ ಹಿಡಿದಾಗ ನಾನು, ಗಂಡನ ಕಿಡ್ನಿ ಕೈಕೊಟ್ಟಾಗ ಹೇಗೂ ನಾನೇ. ಎಷ್ಟು ಚೆಂದ ಮಾಡುತ್ತಾಳೆ ಎಂದು ಮಂದಿ ಹೊಗಳಿದರು. ಹೊಗಳುವವರು ಯಾವಾಗಲೂ ಬಾಗಿಲಾಚೆ ನಿಂತಿರುತ್ತಾರೆ, ನೀವೂ ನೋಡಿರಬಹುದು. ಮೈತ್ರಿಯ ಆಟದಲ್ಲಿ ವೇಷ ಸತ್ತರೆ ಹೊಸ ಹಾಳೆ ತೆಗೆದು ಬೇರೆ ವೇಷ ಕಟ್ಟಬಹುದು. ನಮಗೆ ಸಿಕ್ಕಿದ್ದು ಒಂದೇ ಹಾಳೆ, ಅದನ್ನೂ ಬೇರೆಯವರು ತುಂಬಿದರು.

ಕೊಡಲಿ ಚೆನ್ನಾಗಿತ್ತು. ಅಲ್ಲಿ ಯಾರನ್ನೂ ಎಬ್ಬಿಸಿ ಕೂರಿಸಬೇಕಾಗಿರಲಿಲ್ಲ, ಬೀಳಿಸಿದರೆ ಆಯಿತು. ದಾಳದ ಅಂಕಿ ನನ್ನ ಕಣ್ಣಿಗೆ ಕಾಣುವುದಿಲ್ಲ, ಮೈತ್ರಿ ಓದಿ ಹೇಳುತ್ತಿದ್ದಳು. ಹೆಚ್ಚು ಮಾಡಿ ಹೇಳುತ್ತಿದ್ದಳು ಎಂದು ನನಗೆ ಗುಮಾನಿ; ನನ್ನ ಕೈಯಲ್ಲಿ ಅಷ್ಟು ರಾಕ್ಷಸರು ಸಾಯುವುದು ನ್ಯಾಯವಲ್ಲ. ಗಾಯ ಕಟ್ಟುವ ಪ್ರಶ್ನೆಗೆ ಹುಡುಗರೇ ಒಂದು ದಾರಿ ಹುಡುಕಿದರು. ಎಲ್ಲರೂ ತಮ್ಮ ತಮ್ಮ ಬಲದಲ್ಲಿ ಸ್ವಲ್ಪ ಬಿಟ್ಟುಕೊಟ್ಟು ಸ್ವಲ್ಪ ಮದ್ದು ಕಲಿತರು. ನಾನೂ ಕಲಿಯಬೇಕಾಯಿತು, ಬಿಡಲಿಲ್ಲ. ಮಾಂತ್ರಿಕನ ಬೆಂಕಿ ಸಣ್ಣದಾಯಿತು, ಬಿಲ್ಲಿನವಳ ಗುರಿ ತಪ್ಪತೊಡಗಿತು. ಬಲ್ಲವರ ಲೆಕ್ಕದಲ್ಲಿ ಇದು ದಡ್ಡ ಬಿಲ್ಡ್ ಅಂತೆ, ಯಾರೂ ಯಾವುದರಲ್ಲೂ ಪೂರ್ತಿಯಲ್ಲ. ಆದರೆ ಮೊದಲು ಒಬ್ಬ ಬಿದ್ದರೆ ಉಳಿದವರು ತಮ್ಮ ಸರದಿ ಎಣಿಸುತ್ತಾ ಕೂರುತ್ತಿದ್ದರು. ಈಗ ಬಿದ್ದವನ ಕಡೆ ತಿರುಗಿ, ಎಲ್ಲಿ ಪೆಟ್ಟಾಯಿತು ಎಂದು ಕೇಳತೊಡಗಿದರು.

ಅಷ್ಟರಲ್ಲಿ ಮೆಲ್ಬರ್ನ್‌ನಿಂದ ಸುದ್ದಿ ಬಂತು. ಅಲ್ಲಿ ಬಾಕ್ಸ್ ಹಿಲ್‌ನ ಅಪಾರ್ಟ್‌ಮೆಂಟಿನಲ್ಲಿ ನನ್ನ ಮಗ ಗಿರೀಶ ಇದ್ದಾನೆ. ಅವನ ಹೆಂಡತಿ ರೂಪಾಳಿಗೆ ಕ್ಯಾನ್ಸರ್; ಹೊಟ್ಟೆಯಲ್ಲಿ ಶುರುವಾದದ್ದು ಎಲುಬಿಗೂ ಇಳಿದಿದೆ. ಮನೆಮಂದಿಯೆಲ್ಲ ಫೋನಿನಲ್ಲಿ ಸೇರಿದರು. ಗಿರೀಶನಿಗೆ ಮಾರ್ಟ್‌ಗೇಜ್ ಇದೆ, ಕೆಲಸ ಬಿಡುವಂತಿಲ್ಲ. ಸುಜಾತಾಳಿಗೆ ಆಫೀಸು. ರೂಪಾಳ ತಾಯಿಗೆ ವೀಸಾ ಆಗಿಲ್ಲ. ಯಾರದೂ ಸುಳ್ಳಲ್ಲ.

"ನೀನ ಹೋಗಬೇಕವ್ವ. ನಿನ್ನಂಗ ಯಾರಿಗೂ ಬರೂದಿಲ್ಲ," ಅಂದಳು ಮಗಳು.

ಇಲ್ಲಿ ಕೊಡಲಿ ಕೇಳಲು ಬರುವುದಿಲ್ಲ. ಹೋದೆ.

ರೂಪಾ ಮೈಸೂರಿನವಳು, ಸಂಕೋಚದ ಹೆಣ್ಣು. ಅತ್ತೆಯಾದ ನನ್ನಿಂದ ಮೈ ತೊಳೆಸಿಕೊಳ್ಳುವಾಗ ಕಣ್ಣು ಮುಚ್ಚಿಬಿಡುತ್ತಿದ್ದಳು. ಸ್ನಾನ ಮಾಡಿಸಿದೆ, ಗಂಜಿ ಕುಡಿಸಿದೆ, ಕೂದಲು ಹೋದ ತಲೆಗೆ ಎಣ್ಣೆ ಸವರಿದೆ. ಗಿರೀಶ ಪಕ್ಕದ ಕೋಣೆಯಲ್ಲಿ ಲ್ಯಾಪ್‌ಟಾಪಿನ ಮುಂದೆ. ನಡುನಡುವೆ ಬಾಗಿಲಿಗೆ ಬಂದು ಹೇಗಿದ್ದಾಳೆ ಎಂದು ನನ್ನನ್ನು ಕೇಳುತ್ತಿದ್ದ, ಅವಳನ್ನಲ್ಲ. ಇದ್ದಾಳೆ ಅನ್ನುತ್ತಿದ್ದೆ. ಹೋಗುತ್ತಿದ್ದ. ಕೆಟ್ಟವನಲ್ಲ, ಹೆದರಿದವನು. ಹೆದರಿದ ಗಂಡಸಿಗೆ ಅಡಗಲು ಆಫೀಸಿನ ಕೆಲಸದಂಥ ಜಾಗ ಇನ್ನೊಂದಿಲ್ಲ.

ಒಂದು ಬೆಳಿಗ್ಗೆ ಬೆನ್ನು ಒರೆಸುತ್ತಿದ್ದಾಗ ರೂಪಾ ಗೋಡೆಯ ಕಡೆ ಮುಖವಿಟ್ಟುಕೊಂಡೇ ಹೇಳಿದಳು: "ಅತ್ತೆ, ನೀವು ತುಂಬಾ ಚೆನ್ನಾಗಿ ನೋಡ್ಕೋತೀರಿ. ಅದಕ್ಕೇ ಅವ್ರು ಒಳಗೇ ಬರಲ್ಲ."

ದೂರುವ ದನಿಯಲ್ಲ. ಹೊರಗೆ ಮೋಡ ಆಗಿದೆ ಅನ್ನುವಂತೆ ಹೇಳಿದಳು. ನನ್ನ ಕೈ ನಿಂತಿತು. ಗುಂಪಿನಲ್ಲಿ ಪಳಗಿದ ಹೀಲರ್ ಒಬ್ಬಳಿದ್ದರೆ ಆಗುವ ನಷ್ಟ ಇದೇ: ಉಳಿದವರು ಗಾಯದ ಕಡೆ ನೋಡುವುದನ್ನೇ ಬಿಡುತ್ತಾರೆ. ಇವಳಿಗೆ ಉಳಿದ ದಿನ ಎಷ್ಟೋ, ಅಷ್ಟನ್ನೂ ಗಂಡ ಪಕ್ಕದ ಕೋಣೆಯಲ್ಲೇ ಕಳೆದುಬಿಡುತ್ತಾನೆ. ಆಮೇಲೆ ಅವಳೂ ಇರುವುದಿಲ್ಲ, ಅವನಿಗೆ ಬಂದು ನಿಲ್ಲಲು ಬಾಗಿಲೂ ಇರುವುದಿಲ್ಲ.

ಸಂಜೆ ಅವನನ್ನು ಅಡುಗೆಮನೆಗೆ ಕರೆದು, ನಾಳೆಯಿಂದ ಸ್ನಾನ ಮಾಡಿಸುವುದು ನಿನ್ನ ಕೆಲಸ ಅಂದೆ.

"ನನಗ ಬರೂದಿಲ್ಲವ್ವ. ಆಕಿಗೆ ನೋವಾದ್ರ?"

"ಆಗ್ತದ. ಆಕಿ ಹೇಳ್ತಾಳ, ಕೇಳು."

"ನೀ ಇದ್ದೀಯಲ್ಲ."

"ನಾ ಇರೂದಿಲ್ಲ. ಹೊರಗ ಹೋಗ್ತೀನಿ."

ಮರುದಿನ ಲಿಫ್ಟ್ ಇಳಿದು ಸ್ಟೇಷನ್ ಹತ್ತಿರದ ಅಂಗಡಿಸಾಲಿಗೆ ಹೋದೆ. ಅಲ್ಲಿ ಬೆಂಚಿನ ಮೇಲೆ ಚೀನೀ ಮುದುಕಿಯರು ಕೂತಿರುತ್ತಾರೆ. ಒಬ್ಬಳು ಸರಿದು ಜಾಗ ಕೊಟ್ಟಳು, ಕಿತ್ತಳೆಯ ತೊಳೆ ಕೊಟ್ಟಳು. ಒಬ್ಬರ ಮಾತು ಇನ್ನೊಬ್ಬರಿಗೆ ಬರುವುದಿಲ್ಲ, ಒಳ್ಳೆಯದೇ ಆಯಿತು. ಔಷಧಿಗೆಂದು ರೂಪಾಳ ತೋಳಿಗೆ ಹಾಕಿದ ಕೊಳವೆ ನೆನೆಯಬಾರದು, ಗಿರೀಶನಿಗೆ ಹೇಳಿದ್ದೇನೆ, ನೆನಪಿರುತ್ತದೋ ಇಲ್ಲವೋ. ಕಾಲು ಜಾರಿದರೆ ಆ ಎಲುಬಿಗೆ ಏನು ಗತಿ. ಎದ್ದೆ, ಮತ್ತೆ ಕೂತೆ. ಮಾವನ ಬೆನ್ನಹುಣ್ಣು ತೊಳೆದಾಗ ಕಷ್ಟವಾಗಿರಲಿಲ್ಲ. ಸುಮ್ಮನೆ ಕೂರುವುದು ಕಷ್ಟವಾಯಿತು.

ಹಿಂತಿರುಗಿದಾಗ ಬಚ್ಚಲಿನ ನೀರು ಕೋಣೆಯ ತನಕ ಹರಿದಿತ್ತು. ಮನೆಯಲ್ಲಿದ್ದ ಟವೆಲೆಲ್ಲ ಒದ್ದೆ. ರೂಪಾ ಹಾಸಿಗೆಯಲ್ಲಿ ಒರಗಿದ್ದಳು, ಕೊಳವೆ ಒಣಗಿಯೇ ಇತ್ತು. ಕಿವಿಯ ಹಿಂದೆ ಸೋಪು, ಮೈಮೇಲೆ ಉಲ್ಟಾ ತೊಡಿಸಿದ ನೈಟಿ. ಗಿರೀಶ ಒದ್ದೆ ಪ್ಯಾಂಟಿನಲ್ಲೇ ಅವಳ ಕಾಲ ಬಳಿ ಕೂತಿದ್ದ. ಪಕ್ಕದ ಕೋಣೆಯಲ್ಲಿ ಲ್ಯಾಪ್‌ಟಾಪ್ ಯಾರಿಗಾಗಿಯೋ ಕೂಗುತ್ತಿತ್ತು.

"ನೋಡಿ ಅತ್ತೆ ನಿಮ್ಮ ಮಗನ್ನ. ಒಂದ್ಸಲ ಸುಡೋ ನೀರು, ಒಂದ್ಸಲ ಐಸು. ಪಾತ್ರೆ ತೊಳೆದ ಹಾಗೆ ತೊಳೆದ್ರು," ಅಂದಳು ರೂಪಾ.

ಕಾಯಿಲೆ ಬಿದ್ದಂದಿನಿಂದ ಅವಳು ಯಾರನ್ನೂ ಬೈದದ್ದು ನಾನು ಕೇಳಿರಲಿಲ್ಲ. ಡಾಕ್ಟರರು ಒಳ್ಳೆಯ ಮಾತೇನೂ ಹೇಳುತ್ತಿಲ್ಲ, ಇನ್ನು ಹೇಳುವುದೂ ಇಲ್ಲ. ನೈಟಿ ಬಿಚ್ಚಿ ಸರಿಯಾಗಿ ತೊಡಿಸಲು ನನ್ನ ಕೈ ತಾನಾಗಿ ಮುಂದೆ ಹೋಯಿತು. ಹಿಂದಕ್ಕೆ ತೆಗೆದುಕೊಂಡು ನೆಲ ಒರೆಸುವ ಬಟ್ಟೆ ತರಲು ಹೋದೆ. ನೆಲವನ್ನು ಯಾರು ಒರೆಸಿದರೂ ನಡೆಯುತ್ತದೆ.