ಬೆಳಿಗ್ಗೆ ಏಳರ ಬೆಳಕು

ನಮ್ಮ ಮುದ್ರಣಾಲಯದಲ್ಲಿ ಎಲ್ಲರೂ ಅವರನ್ನು ಪೆಂಗ್ವಿನ್ ಎಂದೇ ಕರೆಯುತ್ತಿದ್ದರು. ಊಟದ ಡಬ್ಬಿಯ ಮೇಲೆ, ಕೊಡೆಯ ಹಿಡಿಯ ಮೇಲೆ, ಕೊನೆಗೆ ಕನ್ನಡಕದ ಪೆಟ್ಟಿಗೆಯ ಮೇಲೂ ಆ ಹಕ್ಕಿಯ ಚಿತ್ರ ಅಂಟಿಸಿಕೊಂಡಿದ್ದರು. ಅದು ಲಿನಕ್ಸ್ ಎಂಬ ಕಂಪ್ಯೂಟರ್ ತಂತ್ರಾಂಶದ ಗುರುತು. ಅವರ ನಡಿಗೆಯೂ ಹೆಚ್ಚುಕಡಿಮೆ ಅದಕ್ಕೆ ಹೊಂದುತ್ತಿದ್ದುದರಿಂದ ಹೆಸರು ಗಟ್ಟಿಯಾಗಿ ಕೂತುಬಿಟ್ಟಿತು. ಅವರಿಗೆ ಅದರಿಂದ ಬೇಸರವೇನೂ ಇರಲಿಲ್ಲ.

ನಾವು ಅಚ್ಚು ಹಾಕುವುದು ಔಷಧಿ ಡಬ್ಬಿಗಳ ಲೇಬಲ್ಲು. ಅದನ್ನು ಕಂಪ್ಯೂಟರಿನಲ್ಲಿ ಜೋಡಿಸಿ ಅಚ್ಚಿನ ಪ್ಲೇಟು ಮಾಡಲು ಕಳಿಸುವುದು ಅವರ ಕೆಲಸ, ಅದರಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಹನ್ನೊಂದು ವರ್ಷದಿಂದ ಎದುರುಬದುರು ಮೇಜಿನಲ್ಲಿ ಕೂತಿದ್ದೇವೆ. ಒಬ್ಬರ ತಪ್ಪನ್ನು ಇನ್ನೊಬ್ಬರು ದಿನವೂ ಕೆಂಪು ಶಾಯಿಯಲ್ಲಿ ಸುತ್ತುಹಾಕುತ್ತಾ ಹೋದರೆ ಒಂದೋ ಜಗಳವಾಗಬೇಕು, ಇಲ್ಲವೇ ಸ್ನೇಹವಾಗಬೇಕು. ನಮಗೆ ಎರಡೂ ಆಗಿವೆ.

ಅವರ ಮುಂದೆ ಲಿನಕ್ಸ್ ಎಂಬ ಮಾತೆತ್ತಿದಿರೋ, ಊಟದ ವಿರಾಮ ಗೋವಿಂದ. ಯಾರು ಬೇಕಾದರೂ ಒಳಗೆ ಇಣುಕಿ ನೋಡಬಹುದಾದ, ತಿದ್ದಬಹುದಾದ, ತಿದ್ದಿದ್ದನ್ನು ಇನ್ನೊಬ್ಬರಿಗೆ ಕೊಡಬಹುದಾದ ತಂತ್ರಾಂಶ ಅದು ಎಂದು ಹೇಳುವಾಗ ಅವರ ಕಣ್ಣು ಮಿನುಗುತ್ತಿತ್ತು. ಅವರದೊಂದು ಕಡತವಿತ್ತು. ಹೆಸರು 'ಇವತ್ತು ಗೊತ್ತಾದದ್ದು'. ದಿನಕ್ಕೊಂದು ಸಾಲು, ಹೆಚ್ಚಿಲ್ಲ. ನನಗೆ ಆಗಾಗ ಓದಿಸುತ್ತಿದ್ದರು. 'ಗೋದಾಮಿನ ಪ್ರಿಂಟರ್ ಸತ್ತಿರಲಿಲ್ಲ. ಅದನ್ನು ಓಡಿಸುವ ತಂತ್ರಾಂಶವನ್ನು ಯಾರೋ ಪುಣ್ಯಾತ್ಮರು ಹತ್ತು ವರ್ಷದ ಹಿಂದೆಯೇ ಬರೆದಿಟ್ಟಿದ್ದಾರೆ.' ಇನ್ನೊಂದು ದಿನ, 'ಕಂಪ್ಯೂಟರಿಗೆ ಆಜ್ಞೆ ಬರೆಯುವಾಗ ಬಾಣದ ಗುರುತನ್ನು ಎರಡು ಸಲ ಹಾಕಿದರೆ ಹೊಸದು ಕಡತದ ಕೊನೆಗೆ ಸೇರುತ್ತದೆ. ಒಂದೇ ಸಲ ಹಾಕಿದರೆ ಹಳೆಯದೆಲ್ಲ ಅಳಿಸಿಹೋಗುತ್ತದೆ. ಗೊತ್ತಾದದ್ದು ಅಳಿಸಿದ ಮೇಲೆ.' ನಾನು ನಕ್ಕರೆ ಅವರೂ ನಗುತ್ತಿದ್ದರು, ಆದರೆ ಅರ್ಧ ಕ್ಷಣ ತಡವಾಗಿ.

ಹೊಲಿಗೆ ಅಂಗಡಿಯ ಮಹಡಿಯಲ್ಲಿ ಒಂದೇ ಕೋಣೆಯ ಮನೆ. ಮದುವೆಯಾಗಿರಲಿಲ್ಲ. ಬೇರೆಯವರು ಎಸೆಯಲು ಇಟ್ಟಿದ್ದ ಮೂರು ಕಂಪ್ಯೂಟರುಗಳನ್ನು ತಂದು ಬದುಕಿಸಿಕೊಂಡಿದ್ದರು. ಮಾತಾಡುವವರಿಲ್ಲ ಎಂದು ಅವರು ಎಂದೂ ಹೇಳಿಕೊಂಡವರಲ್ಲ. ಆದರೆ ಸೋಮವಾರ ಬೆಳಿಗ್ಗೆ ಅವರ ಮೊದಲ ಮಾತು ಯಾವಾಗಲೂ ಗೊಗ್ಗರಾಗಿ ಹೊರಡುತ್ತಿತ್ತು. ಇಡೀ ಭಾನುವಾರ ಬಳಸದ ಗಂಟಲು. ನನಗೆ ಅದು ಥಟ್ಟನೆ ಗೊತ್ತಾಗುತ್ತಿತ್ತು, ಯಾಕೆಂದರೆ ನನ್ನದೂ ಹಾಗೇ.

ಅವರಿಗೆ ಇದ್ದದ್ದು ಒಬ್ಬಳೇ ಅಕ್ಕ. ಊರಿನ ಇನ್ನೊಂದು ತುದಿ, ಎರಡು ಬಸ್ಸು ಬದಲಿಸಬೇಕು. ಭಾವ ತೀರಿಕೊಂಡ ಮೇಲೆ, ಒಂಟಿಯಾದ ಅಕ್ಕನಿಗೆ ಹೊತ್ತು ಹೋಗಲಿ ಎಂದು ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ ಕೊಟ್ಟಿದ್ದರು. ಅಂದಿನಿಂದ ಅಕ್ಕನ ಫೋನು ವಾರಕ್ಕೊಂದು. "ಲೋ, ಇದಕ್ಕೆ ಏನೋ ಆಗಿದೆ, ಬಂದು ನೋಡೋ." ಮೊದಮೊದಲು ಭಾನುವಾರ ಹೋಗಿ ಬರುತ್ತಿದ್ದರು. ಆಮೇಲೆ ಈ ಮಹಾರಾಯರಿಗೆ ತಲೆ ಓಡಿತು. ತಮ್ಮ ಕೋಣೆಯಿಂದಲೇ ಇಂಟರ್ನೆಟ್ ಮೂಲಕ ಅಕ್ಕನ ಕಂಪ್ಯೂಟರಿನೊಳಗೆ ಹೋಗುವ ದಾರಿ ಮಾಡಿಕೊಂಡರು. ಫೋನು ಬಂದ ಐದು ನಿಮಿಷಕ್ಕೆ ಎಲ್ಲ ಸರಿ. ಒಂದು ದಿನ ಹೆಮ್ಮೆಯಿಂದ ಹೇಳಿಯೂಬಿಟ್ಟರು.

"ಇನ್ನು ನಾನು ಬರೋದೇ ಬೇಡ ನೋಡು ಅಕ್ಕ!"

ಅದಕ್ಕೆ ಅಕ್ಕ ಹೇಳಿದ್ದು ಇಷ್ಟಂತೆ. "ಅದನ್ನ ಸರಿಮಾಡು ಅಂತ ನಾನು ಯಾವತ್ತು ಕೇಳಿದ್ನೋ? ಬಾ ಅಂತ ತಾನೇ ಕರೆದಿದ್ದು? ಬೇಡ ಬಿಡು. ಬರಲೂ ಬೇಡ, ಫೋನೂ ಮಾಡಬೇಡ."

ಬೇರೆ ಯಾರಾದರೂ ಆಗಿದ್ದರೆ ಅದೇ ಸಂಜೆ ಓಡಿಹೋಗುತ್ತಿದ್ದರು. ಇವರಿಗೆ ಹೇಳಿದ್ದನ್ನು ಹೇಳಿದ ಹಾಗೆಯೇ ಪಾಲಿಸುವ ರೋಗ. ಬರಬೇಡ ಅಂದಳು, ಹೋಗಲಿಲ್ಲ. ಫೋನ್ ಮಾಡಬೇಡ ಅಂದಳು, ಮಾಡಲಿಲ್ಲ. ಆದರೆ ಕಂಪ್ಯೂಟರಿನ ದಾರಿ ಮುಚ್ಚು ಎಂದು ಅಕ್ಕ ಹೇಳಿರಲಿಲ್ಲವಲ್ಲ. ದಿನಾ ಬೆಳಿಗ್ಗೆ ಏಳೂಕಾಲಿಗೆ ಅದರೊಳಗೆ ಹೋಗಿ ಒಂದೇ ಒಂದು ವಿಷಯ ನೋಡುತ್ತಿದ್ದರು: ಪರದೆ ಹೊತ್ತಿಕೊಂಡಿದೆಯೋ ಇಲ್ಲವೋ, ಹೊತ್ತಿದ್ದು ಎಷ್ಟು ಗಂಟೆಗೆ. ಹೊತ್ತಿಕೊಂಡಿದ್ದರೆ ಅಕ್ಕ ಎದ್ದಿದ್ದಾಳೆ, ಅದರ ಮುಂದೆ ಕೂತಿದ್ದಾಳೆ, ಚೆನ್ನಾಗಿದ್ದಾಳೆ. ಒಂದು ಅಕ್ಷರವನ್ನೂ ಬರೆಯದೆ ಹೊರಗೆ ಬಂದುಬಿಡುತ್ತಿದ್ದರು.

"ಅಕ್ಕ?" ಎಂದು ನಾನು ಬೆಳಿಗ್ಗೆ ಕೇಳುತ್ತಿದ್ದೆ.

"ಎದ್ದಿದ್ದಾಳೆ. ಏಳಕ್ಕೆ."

ಇದು ಮೂರು ವರ್ಷ ನಡೆಯಿತು. ಕೋಪ ಇಳಿದ ದಿನ ಅವಳೇ ಕರೆಯುತ್ತಾಳೆ ಎಂದು ಕಾದರು. ಒಮ್ಮೆ ಆ ಕಡೆ ಕರೆಂಟು ಹೋಗಿ ಕಂಪ್ಯೂಟರ್ ಉತ್ತರ ಕೊಡಲಿಲ್ಲ. ಅವತ್ತು ಕೆಮ್ಮಿನ ಔಷಧಿಯ ಲೇಬಲ್ಲಿನ ಮೇಲೆ ಕಣ್ಣಿನ ಹನಿಯ ಸೂಚನೆ ಜೋಡಿಸಿಟ್ಟಿದ್ದರು. ನಾನು ಹಿಡಿಯದಿದ್ದರೆ ಜನ ಕೆಮ್ಮಿನ ಔಷಧಿಯನ್ನು ಕಣ್ಣಿಗೆ ಬಿಟ್ಟುಕೊಳ್ಳುತ್ತಿದ್ದರು. ಮಾರನೆಯ ದಿನ ಪರದೆ ಹೊತ್ತಿಕೊಂಡಿತು, ಇವರ ಮುಖವೂ. ಅದು ಬಿಟ್ಟರೆ ಒಂದು ದಿನವೂ ತಪ್ಪಿರಲಿಲ್ಲ, ಏಳು ಗಂಟೆ ಎಂದರೆ ಏಳೇ ಗಂಟೆ. ಅಷ್ಟು ಕರಾರುವಾಕ್ಕಾಗಿ ಮನುಷ್ಯರು ಏಳುವುದಿಲ್ಲ ಎಂಬುದು ನನಗಾದರೂ ಹೊಳೆಯಬೇಕಿತ್ತು. ತಪ್ಪು ಹುಡುಕುವುದೇ ನನ್ನ ಕೆಲಸವಲ್ಲವೇ?

ಒಂದು ಬುಧವಾರ ನಾನು "ಅಕ್ಕ?" ಎಂದೆ. ಡಬ್ಬಿಯನ್ನು ಮೇಜಿನ ಮೇಲಿಟ್ಟು ಹಾಗೇ ನಿಂತಿದ್ದರು. ಮುಖ ಬಿಳಿಚಿಕೊಂಡಿತ್ತು.

ಆಗಿದ್ದು ಇಷ್ಟು. ಅಕ್ಕನ ಲ್ಯಾಪ್‌ಟಾಪಿನ ಲಿನಕ್ಸ್ ಹಳೆಯದಾಗಿತ್ತು, ಹೊಸದನ್ನು ಹಾಕಬೇಕಿತ್ತು. ಹಾಕುವ ಮೊದಲು, ಹೊತ್ತಿಗೆ ಸರಿಯಾಗಿ ತಾನಾಗಿಯೇ ನಡೆಯುವ ಕೆಲಸಗಳ ಪಟ್ಟಿಯನ್ನು ತೆಗೆದು ನೋಡಿದ್ದಾರೆ. ಅದರಲ್ಲಿ ಎರಡು ಸಾಲು. ಬೆಳಿಗ್ಗೆ ಏಳಕ್ಕೆ ಪರದೆ ಹೊತ್ತಿಸಿ ಗಂಟೆ ಬಾರಿಸು. ರಾತ್ರಿ ಒಂಬತ್ತಕ್ಕೆ ಆರಿಸು. ಅವುಗಳ ಮೇಲೆ ತಮಗೇ ನೆನಪಿಗೆಂದು ಬರೆದುಕೊಂಡ ಟಿಪ್ಪಣಿ: 'ಅಕ್ಕನಿಗೆ. ಯಾವ ಗುಂಡಿ ಒತ್ತಬೇಕೋ ಗೊತ್ತಾಗುವುದಿಲ್ಲವಂತೆ.' ಜಗಳದ ದಿನವೇ, ಜಗಳಕ್ಕೆ ಐದು ನಿಮಿಷ ಮೊದಲು ಬರೆದದ್ದು. ಬರೆದು ಮರೆತೇಬಿಟ್ಟಿದ್ದರು.

"ಅಂದ್ರೆ?" ಎಂದೆ.

"ಅಂದ್ರೆ ಮೇಡಂ, ಮೂರು ವರ್ಷದಿಂದ ದಿನಾ ಎದ್ದಿದ್ದು ಅಕ್ಕ ಅಲ್ಲ. ನನ್ನದೇ ಸಾಲು."

"ಹಾಗಾದ್ರೆ ಅಕ್ಕ?"

"ಗೊತ್ತಿಲ್ಲ."

"ಫೋನ್ ಮಾಡಿದ್ರಾ?"

"ಮಾಡಬೇಡ ಅಂದಿದ್ದಾಳಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. "ಏನ್ರೀ ನೀವು, ಮನುಷ್ಯರೋ ಕಲ್ಲೋ? ಎದ್ದೇಳ್ರಿ ಮೊದಲು!" ಎಂದೆ. ಅವರು ನಿಂತೇ ಇದ್ದರು, ಪಾಪ. ಇಬ್ಬರಿಗೂ ಅರ್ಧ ದಿನದ ರಜೆ ಬರೆದು ಮೇಲ್ವಿಚಾರಕರ ಮೇಜಿನ ಮೇಲೆ ಇಟ್ಟು ಅವರನ್ನು ಎಳೆದುಕೊಂಡು ಹೊರಟೆ. ಒಬ್ಬರನ್ನೇ ಕಳಿಸಿದರೆ ಬಸ್ ನಿಲ್ದಾಣದಿಂದ ವಾಪಸು ಬರುತ್ತಾರೆ ಎಂದು ನನಗೆ ಗೊತ್ತಿತ್ತು. ಎರಡು ಬಸ್ಸಿನಲ್ಲೂ ಟಿಕೆಟ್ ತೆಗೆದವಳು ನಾನೇ. ಬೇರೆ ಯಾರೋ ಬಾಗಿಲು ತೆರೆದು, ಅವರಾ, ಅವರು ಹೋಗಿ ಎಷ್ಟೋ ದಿನ ಆಯ್ತಲ್ಲ ಎಂದುಬಿಟ್ಟರೆ ಇವರನ್ನು ಹೇಗೆ ಹಿಡಿದುಕೊಳ್ಳುವುದು ಎಂದು ಲೆಕ್ಕ ಹಾಕುತ್ತಿದ್ದೆ.

ಎರಡನೆಯ ಮಹಡಿ. ಬಾಗಿಲು ತಟ್ಟಿದವಳು ನಾನು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಚಪ್ಪಲಿ ಎಳೆದುಕೊಂಡು ಬರುವ ಸದ್ದು.

"ಯಾರು?"

ಇವರು ನನ್ನ ಹಿಂದೆ ಸರಿದು ನಿಂತರು. "ನಿಮ್ಮ ತಮ್ಮ ಬಂದಿದ್ದಾರೆ" ಎಂದು ನಾನೇ ಕೂಗಿದೆ. ಚಿಲಕ ಜಾರಿತು.

ಬಿಳಿ ಕೂದಲಿನ ಸಣ್ಣ ಆಕೃತಿ. ತಮ್ಮನನ್ನು ಮೇಲಿಂದ ಕೆಳಗೆ ನೋಡಿದರು. "ಎಷ್ಟು ಸೊರಗಿದ್ದೀಯೋ" ಎಂದರು. ಆಮೇಲೆ ನನ್ನನ್ನು ನೋಡಿ, "ಬನ್ನಿ, ಒಳಗೆ ಬನ್ನಿ."

ಕಿಟಕಿಯ ಪಕ್ಕದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇತ್ತು, ಪರದೆ ಬೆಳಗುತ್ತಿತ್ತು. ಒಂದಿಷ್ಟೂ ಧೂಳಿಲ್ಲ. ಅದರ ಎದುರಿಗೆ ಒಂದು ಕುರ್ಚಿ, ಮೇಜಿನ ಮೇಲೆ ಲೋಟ ಇಟ್ಟೂ ಇಟ್ಟೂ ಉಳಿದ ಉಂಗುರದಂಥ ಕಲೆ.

"ನಾನದನ್ನ ಮುಟ್ಟಿಲ್ಲಪ್ಪ" ಎಂದರು ಅಕ್ಕ. "ಒರೆಸ್ತೀನಿ ಅಷ್ಟೇ. ಅವತ್ತು ಬೈದೆನಲ್ಲ, ಮಾರನೇ ದಿನ ಏಳಕ್ಕೆ ಗಂಟೆ ಹೊಡೀತು, ದೀಪ ಬಂತು. ಓಹೋ, ಮಾತಾಡೋಕೆ ಬಿಗುಮಾನ, ಅದಕ್ಕೆ ಅಲ್ಲಿಂದ್ಲೇ ದೀಪ ಹಾಕ್ತಿದ್ದಾನೆ ಅಂದ್ಕೊಂಡೆ. ದಿನಾ ಹಾಕ್ದೆ. ನಾನೂ ಕಾಫಿ ತಗೊಂಡು ಇಲ್ಲೇ ಬಂದು ಕೂತ್ಕೊಳ್ಳೋಕೆ ಶುರುಮಾಡಿದೆ. ಬಂದ್ಯೇನೋ ಅಂತೀನಿ ಅದಕ್ಕೆ. ಹುಚ್ಚಿ ಅಂದ್ಕೋಬೇಡಿ." ಕೊನೆಯ ಮಾತು ನನಗೆ. ಮತ್ತೆ ತಮ್ಮನ ಕಡೆ ತಿರುಗಿದರು. "ಕೋಪ ಯಾವತ್ತೋ ಹೋಯ್ತು. ಕರೆಯೋಣ ಅನ್ಸೋದು. ಹೆಂಗೂ ದಿನಾ ಬರ್ತಿದ್ದಾನಲ್ಲ, ಒಂದಿನ ಅವನೇ ಮಾತಾಡ್ತಾನೆ ಅಂತ ಸುಮ್ನಿದ್ದೆ."

ಪೆಂಗ್ವಿನ್ ಬಾಯಿ ತೆರೆದರು. "ಅಕ್ಕ, ಅದು..."

ಆ ಮುಖ ನನಗೆ ಚೆನ್ನಾಗಿ ಗೊತ್ತು. ಒಂದು ತಪ್ಪು ಕಣ್ಣಿಗೆ ಬಿದ್ದಾಗ, ಅದನ್ನು ಈಗಲೇ ಸರಿಮಾಡಿಬಿಡಬೇಕು ಎನ್ನುವ ಮುಖ. ನಾನು ಅವರ ಪಾದವನ್ನು ಜೋರಾಗಿಯೇ ತುಳಿದೆ. ಇಪ್ಪತ್ತೆರಡು ವರ್ಷದ ಕೆಲಸದಲ್ಲಿ ಗೊತ್ತಿದ್ದೂ ಗೊತ್ತಿದ್ದೂ ನಾನು ಬಿಟ್ಟ ತಪ್ಪು ಅದೊಂದೇ. ಅವರು ಬಾಯಿ ಮುಚ್ಚಿಕೊಂಡು ಆ ಕುರ್ಚಿಯ ಮೇಲೆ ಕುಸಿದು ಕೂತರು. ಅಕ್ಕ ಅವರ ತಲೆಯ ಮೇಲೆ ಕೈಯಿಟ್ಟರು. ನಾನು ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋದೆ.

ವಾಪಸು ಬರುವಾಗ ಬಸ್ಸಿನಲ್ಲಿ, "ಸುಳ್ಳು ಹೇಳಿದ ಹಾಗಾಯ್ತಲ್ಲ ಮೇಡಂ" ಎಂದು ಕೊರಗತೊಡಗಿದರು.

"ಆ ಸಾಲಿನ ಮೇಲೆ 'ಅಕ್ಕನಿಗೆ' ಅಂತ ಬರೆದವರು ಯಾರ್ರೀ? ನಾನಾ?" ಎಂದೆ.

ಮಾರನೆಯ ದಿನ ಅವರು ಬೆಳಗಿನ ಸಾಲನ್ನು ಅಳಿಸಿಹಾಕಿದರು. ಅಂದಿನಿಂದ ಏಳಕ್ಕೆ ಸರಿಯಾಗಿ ತಾವೇ ಎದ್ದು ಕೂತು, ಕೈಯಾರೆ ಟೈಪ್ ಮಾಡಿ ಅಕ್ಕನ ಪರದೆ ಹೊತ್ತಿಸುತ್ತಿದ್ದರು. ಯಂತ್ರ ಚೆನ್ನಾಗಿ ಮಾಡುತ್ತಿದ್ದ ಕೆಲಸವನ್ನು ಇವರು ಕೈಯಲ್ಲಿ ಮಾಡುವುದನ್ನು ನಾನು ಕಂಡದ್ದು ಅದೇ ಮೊದಲು. ಭಾನುವಾರ ಮತ್ತೆ ಎರಡು ಬಸ್ಸು ಹತ್ತತೊಡಗಿದರು. ನನ್ನನ್ನೂ ಒಮ್ಮೆ ಕರೆದರು. ಏನೋ ಕೆಲಸವಿದೆ ಎಂದೆ. ಅಣ್ಣ ತಮ್ಮ ಅಕ್ಕ ತಂಗಿ ಎಂದು ಯಾರೂ ಇಲ್ಲದವಳಿಗೆ ಅಂಥ ಕಡೆ ಹೋಗಿ ಬಂದರೆ ಆಮೇಲೆ ಮನೆ ಇನ್ನಷ್ಟು ದೊಡ್ಡದಾಗಿ ಕಾಣುತ್ತದೆ.

ಸುಮಾರು ತಿಂಗಳ ಮೇಲೆ ಅವರಿಗೆ ಜ್ವರ ಬಂದಿತು. ಸೋಮವಾರ ಎಚ್ಚರವಾಗುವಾಗಲೇ ಏಳು ದಾಟಿತ್ತು. ಗಡಬಡಿಸಿ ಎದ್ದು ಕಂಪ್ಯೂಟರಿನ ಮುಂದೆ ಕೂರುವಷ್ಟರಲ್ಲಿ ಫೋನು ಬಡಿದುಕೊಂಡಿತು. ಅಕ್ಕ. ಮೂರು ವರ್ಷದಲ್ಲಿ ಮೊದಲ ಸಲ.

"ಇನ್ನೂ ದೀಪ ಬಂದಿಲ್ವಲ್ಲೋ. ಹುಷಾರಾಗಿದ್ದೀಯಾ?"

ಅರ್ಧ ಗಂಟೆ ಮಾತಾಡಿದರಂತೆ. ಜ್ವರವಿದ್ದರೂ ಕೆಲಸಕ್ಕೆ ಬಂದಿದ್ದರು, ನನಗೆ ತೋರಿಸಲೆಂದೇ ಇರಬೇಕು. ಕಡತ ತೆರೆದು ಪರದೆಯನ್ನು ನನ್ನ ಕಡೆ ತಿರುಗಿಸಿದರು. 'ಇವತ್ತು ಗೊತ್ತಾದದ್ದು: ಹತ್ತು ನಿಮಿಷ ತಡವಾದರೆ ಅಕ್ಕ ಫೋನ್ ಮಾಡುತ್ತಾಳೆ.'

"ಹೇಗಿದೆ ಮೇಡಂ?" ಎಂದರು. ಜ್ವರದ ಮನುಷ್ಯ, ಸೋಮವಾರ ಬೇರೆ, ಆದರೂ ದನಿ ಗಂಟೆಯ ಹಾಗೆ ಸ್ವಚ್ಛವಾಗಿತ್ತು.

"ಚೆನ್ನಾಗಿದೆ" ಎಂದೆ. ಆ ಬೆಳಿಗ್ಗೆ ಅದು ನನ್ನ ಮೊದಲ ಮಾತು. ಗೊಗ್ಗರಾಗಿ ಹೊರಟಿತು.