ಕೆರೆಗೆ ಬಂದ ಸಮುದ್ರದ ಹಕ್ಕಿ

ದೆವ್ವ, ಶಕುನ ಎಂದು ಯಾರಾದರೂ ಅಂಗಡಿಯ ಮುಂದೆ ಬಾಯಿ ತೆರೆದರೆ ಮೊದಲು ನಗುತ್ತಿದ್ದವನು ನಾನೇ. ಬಸವಕಲ್ಯಾಣದಲ್ಲಿ ಬಟ್ಟೆ ಅಂಗಡಿ ಇಟ್ಟವನಿಗೆ ಕಣ್ಣಿಗೆ ಕಂಡದ್ದು, ಕೈಗೆ ಹತ್ತಿದ್ದು ಮಾತ್ರ ನಿಜ. ಆದರೂ ಇದನ್ನು ಬರೆಯುತ್ತಿದ್ದೇನೆ. ನೀವು ನಂಬಲೇಬೇಕೆಂಬ ಹಟ ನನಗಿಲ್ಲ.

ನನ್ನ ತಮ್ಮ ಶರಣು ಹುಮನಾಬಾದಿನ ಹೆದ್ದಾರಿ ಬದಿಯ ಗ್ಯಾರೇಜಿನಲ್ಲಿ ಲಾರಿ ಇಂಜಿನ್ ರಿಪೇರಿ ಕಲಿತು, ತೊಂಬತ್ತರ ದಶಕದಲ್ಲಿ ರತ್ನಾಗಿರಿಗೆ ಹೋದ. ಮೀನು ಹಿಡಿಯುವ ಬೋಟುಗಳ ಇಂಜಿನ್ ನೋಡಿಕೊಳ್ಳುತ್ತ, ಬೋಟಿನ ಜೊತೆಗೇ ಸಮುದ್ರಕ್ಕೂ ಹೋಗುತ್ತಿದ್ದ. ನಮ್ಮದು ಲಿಂಗ ಕಟ್ಟುವ ಮನೆ. ನಮಗೆ ಮೀನು ಎಂದರೆ ಸೋಮವಾರ ಕೆರೆಯ ಮೆಟ್ಟಿಲ ಮೇಲೆ ಕೂತು ಅವಕ್ಕೆ ಚುರುಮುರಿ ಹಾಕುವುದು, ಅಷ್ಟೇ. ಹಾಗಾಗಿ ಕೇಳಿದವರಿಗೆಲ್ಲ ‘ಗ್ಯಾರೇಜಿನಲ್ಲಿದ್ದಾನೆ’ ಎಂದೇ ಹೇಳುತ್ತಿದ್ದೆ.

ಅವನು ರಜೆಗೆ ಬಂದಾಗ ಹುಲಸೂರಿನಿಂದ ಹುಡುಗಿಯ ತಂದೆ ಅವನನ್ನು ನೋಡಲು ಬಂದರು. ಚಹಾ ಕುಡಿಯುತ್ತ ಮಾತು ಎತ್ತಲೋ ಹೋಗಿ ಶರಣು ಸಮುದ್ರದ ಸುದ್ದಿ ತೆಗೆದ. ದೂರದಿಂದ ಹಾರಿ ದಣಿದ ಬಿಳಿ ಹಕ್ಕಿ ನೀರಿನ ಮೇಲೆ ಕೂರುತ್ತದಂತೆ. ಕೆಳಗಿನಿಂದ ಶಾರ್ಕ್ ಮೀನು ಬಂದು ಎಳೆದುಕೊಳ್ಳುತ್ತದಂತೆ.

“ಒದರೂದಿಲ್ರಿ ಅದು. ಬರೇ ರೆಕ್ಕಿ ಪುಚ್ಚ ತೇಲಿ ಬರ್ತಾವ” ಎಂದ. ಹೇಳುವಾಗ ಅವನ ಮುಖ ಸಣ್ಣದಾಗಿತ್ತು.

“ಮೀನು ಹಕ್ಕೀನ ತಿಂತದೇನ್ರಿ? ಅಲ್ಲಾ, ನೀವು ಅಲ್ಲಿ ಏನ್ ಮಾಡ್ತೀರಿ?” ಎಂದು ಅವರು ಹುಬ್ಬೇರಿಸಿದರು.

ನಾನು ಗಾಬರಿಯಾಗಿ ನಕ್ಕುಬಿಟ್ಟೆ. “ಇಂವಾ ಸಣ್ಣಾಂವಿದ್ದಾಗಿಂದ ಹಿಂಗೇ ಸುಳ್ಳ ಹೇಳ್ತಾನ್ರಿ. ಸಮುದ್ರ ಎಲ್ಲಿ, ಇಂವಾ ಎಲ್ಲಿ” ಎಂದೆ. ಸಂಬಂಧ ಉಳಿಯಲೆಂದು ಆಡಿದ ಮಾತು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ, ಸುಳ್ಳುಗಾರನಿಗೆ ಯಾರು ಹೆಣ್ಣು ಕೊಡುತ್ತಾರೆ? ಅವರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು.

ಶರಣು ಅಂದೇ ಚೀಲ ಎತ್ತಿಕೊಂಡ. ಬಸ್ಸಿನ ಕಿಟಕಿಯಿಂದ, “ಅವರು ನಂಬಲಿಲ್ಲಂದ್ರ ನಡೀತದ ಅಣ್ಣಾ. ನೀ ನಂಬಬೇಕಾಗಿತ್ತು” ಎಂದ. ನಿಜ ಹೇಳಬೇಕೆಂದರೆ, ಹಕ್ಕಿಯ ಮಾತನ್ನು ನಾನೂ ನಂಬಿರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಕೊಹಿನೂರು ಹಳ್ಳಿಗೆ ಮದುವೆ ಬಟ್ಟೆ ಮುಟ್ಟಿಸಿ ಮರಳುತ್ತ, ದಾರಿಯ ಕೆರೆಯೊಂದರ ಏರಿಯ ಮೇಲೆ ಗಾಡಿ ನಿಲ್ಲಿಸಿದೆ. ಹೊತ್ತು ಇನ್ನೂ ಇತ್ತು. ಕೆರೆಯಲ್ಲಿ ಸೊಂಟದಷ್ಟೂ ನೀರಿರಲಿಲ್ಲ. ನಡುವೆ ಒಂದು ಬಿಳಿ ಹಕ್ಕಿ ಕೂತಿತ್ತು. ಕೊಕ್ಕರೆಯಲ್ಲ, ಉದ್ದ ರೆಕ್ಕೆಯ, ನಾನೆಂದೂ ಕಾಣದ ಹಕ್ಕಿ. ತುಂಬ ದಣಿದಿತ್ತು.

ಅದರ ಕೆಳಗೆ ನೀರು ಕಪ್ಪಾಯಿತು. ಬಾಗಿಲ ಹಲಗೆಯಷ್ಟು ಅಗಲದ ಬೆನ್ನೊಂದು ಮೇಲೆದ್ದು ಮುಳುಗಿತು. ಹಕ್ಕಿ ಇರಲಿಲ್ಲ. ಅದು ಒದರಲೂ ಇಲ್ಲ. ಸ್ವಲ್ಪ ಹೊತ್ತಿಗೆ ಮೂರು ಪುಚ್ಚಗಳು ದಂಡೆಯತ್ತ ತೇಲಿ ಬಂದವು. ಗಾಳಿಯಲ್ಲಿ ಒಂದು ವಾಸನೆ ಇತ್ತು. ಶರಣು ಊರಿಗೆ ಬಂದಾಗಲೆಲ್ಲ ಅವ್ವ ಎರಡೆರಡು ಸಲ ಒಗೆಯುತ್ತಿದ್ದ ಅವನ ಅಂಗಿಯ ವಾಸನೆ.

ಎಂಟು ದಿನಕ್ಕೆ ಅವನ ಜೊತೆಗಾರನ ಫೋನ್ ಬಂತು. ಶರಣು ಬೋಟಿನಿಂದ ಬಿದ್ದಿದ್ದ, ದೇಹ ಸಿಕ್ಕಿರಲಿಲ್ಲ. ಯಾವ ದಿನವೆಂದು ಕೇಳಿದೆ. ಹೋದ ವಾರ ಸೋಮವಾರವೋ ಮಂಗಳವಾರವೋ ಎಂದ, ಅವನಿಗೂ ಸರಿಯಾಗಿ ನೆನಪಿರಲಿಲ್ಲ. ನಾನು ಕೆರೆಯ ಬಳಿ ನಿಂತದ್ದು ಸೋಮವಾರ.

ಆ ಬೇಸಿಗೆಯಲ್ಲೇ ಕೆರೆ ಪೂರ್ತಿ ಒಣಗಿತು. ಹೋಗಿ ನೋಡಿದೆ. ಕೆಸರಿನಲ್ಲಿ ಅಂಗೈಗಿಂತ ದೊಡ್ಡ ಮೀನು ಒಂದೂ ಇರಲಿಲ್ಲ. ಅಂದು ಕಂಡದ್ದೇನೆಂದು ನನಗೆ ಇಂದಿಗೂ ತಿಳಿದಿಲ್ಲ.

ಹಲವು ವರ್ಷ ಬಾಯಿ ಮುಚ್ಚಿಕೊಂಡಿದ್ದು, ಒಮ್ಮೆ ತಡೆಯಲಾಗದೆ ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ಇದನ್ನು ಹೇಳಿದೆ. ಎಲ್ಲರೂ ನಕ್ಕರು.

“ಮೀನು ಹಕ್ಕೀನ ತಿಂತದೇನ್ರಿ, ಸಾವಕಾರ್ರ?” ಎಂದರು.

ತಿಂತದ ಎಂದು ನನ್ನ ಪರವಾಗಿ ಹೇಳುವವನು ಒಬ್ಬನೇ ಇದ್ದ. ಅವನನ್ನು ನಾನೇ ಸುಳ್ಳುಗಾರ ಎಂದಿದ್ದೆ.