ಕಟ್ಟು ಚೆಲ್ಲಗೊಡದ ಅಕ್ಕ

ಬೆಂಗಳೂರಿನ ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸು ಬದಲಿಸಿ ನಮ್ಮ ಲ್ಯಾಬಿಗೆ ಬರುತ್ತಿದ್ದ ಟೆಕ್ನಿಷಿಯನ್ ಅಕ್ಕನಿಗೆ ಒಂದು ಅಭ್ಯಾಸವಿತ್ತು. ಯಾರ ಟ್ಯೂಬು ಸಿಕ್ಕರೂ ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, "ಕಟ್ಟು ಎಲ್ಲಿಟ್ಟೆ?" ಎಂದು ಕೇಳುತ್ತಿದ್ದರು. ಸೊಪ್ಪು, ಕಾಳು ಬೇಯಿಸಿ ಬಸಿದ ನೀರಿಗೆ ಅವರ ಮನೆಯಲ್ಲಿ ಕಟ್ಟು ಎನ್ನುತ್ತಾರೆ. ಬಸ್ಸಾರಿನ ಜೀವವೇ ಅದು. ಜೀವಕೋಶಗಳನ್ನು ಬೆಳೆಸಿದ ದ್ರವಕ್ಕೂ ಅಕ್ಕ ಅದೇ ಹೆಸರಿಟ್ಟಿದ್ದರು.

ನಾನಾಗ ಹೊಸಬಳು. ರೋಗದ ವಿರುದ್ಧ ಹೋರಾಡುವ ನಮ್ಮ ಮೈಯ ಕೋಶಗಳಲ್ಲಿ, ಸಹಾಯಕ ಟಿ ಕೋಶಗಳು ಪ್ರತಿಕಾಯ ತಯಾರಿಸುವ ಬಿ ಕೋಶಗಳನ್ನು ಹೇಗೆ ಕೆಲಸಕ್ಕೆ ಹಚ್ಚುತ್ತವೆ ಎಂದು ನೋಡುವುದು ನನ್ನ ಪ್ರಾಜೆಕ್ಟು. ಮೂರು ವಾರ ಸಾಕಿದ ಟಿ ಕೋಶಗಳನ್ನು ಯಂತ್ರದಲ್ಲಿ ತಿರುಗಿಸಿ ತಳಕ್ಕಿಳಿಸಿದೆ. ಬೇಕಾದದ್ದೆಲ್ಲ ತಳದಲ್ಲಿದೆಯೆಂದುಕೊಂಡು, ಮೇಲಿನ ದ್ರವ ಚೆಲ್ಲಲು ಟ್ಯೂಬನ್ನು ಸಿಂಕಿಗೆ ಬಗ್ಗಿಸುವುದರಲ್ಲಿದ್ದೆ.

"ಏಯ್, ಕಟ್ಟು ಚೆಲ್ತೀಯಲ್ಲೇ!" ಅಕ್ಕ ಓಡಿಬಂದು ನನ್ನ ಕೈ ಹಿಡಿದರು. "ಅವು ಬಿಟ್ಟಿರೋ ರಸ ಎಲ್ಲಾ ಅದ್ರಲ್ಲೇ ಕಣೇ ಇರೋದು!"

ಆ ದ್ರವವನ್ನು ಒಂದೂ ಟಿ ಕೋಶ ಉಳಿಯದಂತೆ ಸೋಸಿಸಿ, ರೋಗಾಣುವಿನ ಗುರುತು ಆಗಲೇ ಕಂಡಿದ್ದ ಬಿ ಕೋಶಗಳಿಗೆ ಹಾಕಿಸಿದರು. ಮುಂದಿನ ವಾರ, ಪ್ರತಿಕಾಯವಿದ್ದರೆ ಬಣ್ಣ ತಿರುಗುವ ಪರೀಕ್ಷೆಯ ತಟ್ಟೆಯಲ್ಲಿ, ಆ ಬಿ ಕೋಶಗಳ ದ್ರವ ಹಾಕಿದ ಕುಳಿಗಳೆಲ್ಲ ಅಚ್ಚ ಹಳದಿಯಾದವು. ಬಿ ಕೋಶಗಳು ಪ್ರತಿಕಾಯ ತಯಾರಿಸಿದ್ದವು! ನಾನು ಕುಣಿದೇಬಿಟ್ಟೆ. ಅಕ್ಕ ಚಪ್ಪಾಳೆ ತಟ್ಟಿದರು.

ಆ ಮಧ್ಯಾಹ್ನ ಅವರ ಕ್ಯಾರಿಯರ್‌ನಲ್ಲಿ ಮುದ್ದೆ, ಬಸ್ಸಾರು. ಹೊಸ ಭಕ್ತಿಯಲ್ಲಿ ನಾನು ಬರೀ ಸಾರನ್ನೇ ಮತ್ತೆ ಮತ್ತೆ ಬಡಿಸಿಕೊಂಡೆ. ಬಸಿದ ಸೊಪ್ಪು, ಕಾಳಿನ ಪಲ್ಯದ ಡಬ್ಬಿಯನ್ನು ಅಕ್ಕ ನನ್ನತ್ತ ತಳ್ಳಿದರು.

"ಇದ್ನೂ ತಿನ್ನೇ ತಾಯಿ. ಕಟ್ಟು ಕೊಟ್ಟಿದ್ದು ಇದೇ ಅಲ್ವಾ?"